ಬೈರಮ್ಮ ಒಡೆಯದೆ ಇಟ್ಟ ಸಕ್ಕರೆ ಪೊಟ್ಟಣಗಳು

ಮಾಗಡಿ ಸೀಮೆಯ ಕಲ್ಯದಿಂದ ರಾಮನಗರಕ್ಕೆ ಸೊಸೆಯಾಗಿ ಬಂದಾಗ ಬೈರಮ್ಮನಿಗೆ ಗೊತ್ತಿದ್ದದ್ದು ಕಳೆ ಕೀಳುವುದು, ರಾಗಿ ಬೀಸುವುದು, ಅಷ್ಟೇ. ಕುದಿನೀರಿನ ತೊಟ್ಟಿಯಲ್ಲಿ ತೇಲುವ ರೇಷ್ಮೆಗೂಡಿನಿಂದ ಎಳೆಯ ತುದಿ ಹುಡುಕುವ ಕೆಲಸವನ್ನು ಕಲಿಸಿದ್ದು ಮುಕ್ತಿಯಾರ್ ಸಾಬರ ನೂಲು ಬಿಚ್ಚುವ ಕಾರ್ಖಾನೆಯ, ಅಂದರೆ ಫಿಲೇಚರಿನ ಹೆಂಗಸರು. ಕಲಿತ ಮೇಲೆ ಅವರನ್ನೇ ಮೀರಿಸಿದಳು. ಆ ಎಳೆ ಕಣ್ಣಿಗೆ ಕಾಣುವಂಥದ್ದಲ್ಲ ನೋಡಿ, ಬೆರಳಿಗೆ ತಾಗಬೇಕು. ಗಂಡ ತೀರಿಕೊಂಡ ಮೇಲೆ ಅವಳನ್ನೂ ಮಗಳು ಭಾನುಪ್ರಿಯಳನ್ನೂ ಸಾಕಿದ್ದು ಆ ಬೆರಳುಗಳೇ.

ಮಗಳು ಹೈಸ್ಕೂಲಿನಲ್ಲಿದ್ದಾಗ ಬೈರಮ್ಮನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಸಿಹಿ ಬಿಡು ಎಂದರು ಡಾಕ್ಟರು. ಬೈರಮ್ಮ ಡಾಕ್ಟರ ಮಾತಿಗೆ ಬಿಡಲಿಲ್ಲ, ಕಬ್ಬಾಳಮ್ಮನ ಹೆಸರಿಗೆ ಬಿಟ್ಟಳು. ಬಸ್ಸು ಹತ್ತಿ ಕಬ್ಬಾಳಿಗೆ ಹೋಗಿ, ದೇವಿಯ ಮುಂದೆ ಒಂದು ಹಿಡಿ ಸಕ್ಕರೆ ಸುರಿದು, “ಮಗಳ ಮದ್ವೆ ಆಗೋಗಂಟ ಇದನ್ನ ಮುಟ್ಟಕಿಲ್ಲ ತಾಯಿ” ಎಂದು ಹರಕೆ ಹೊತ್ತು ಬಂದಳು. ಆಮೇಲೆ ಯಾರ ಮದುವೆಗೆ ಹೋದರೂ ಪಾಯಸ ಬಡಿಸುವ ಹೊತ್ತಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದಳು. ಪಕ್ಕದ ತೊಟ್ಟಿಯಲ್ಲಿ ಗೂಡು ಬಿಚ್ಚುವ ರಹೀಮಾ ರಂಜಾನಿಗೆ ಶೀರ್‌ಕುರ್ಮದ ಪಾಯಸ ತಂದರೆ ಮೂಸಿ ನೋಡಿ ವಾಪಸು ಕೊಡುತ್ತಿದ್ದಳು.

ಅಷ್ಟರಲ್ಲಿ ಬಿಡದಿಯಲ್ಲಿ ಕಾರ್ಖಾನೆಗಳು ಎದ್ದವು, ಮೈಸೂರು ರಸ್ತೆ ಅಗಲವಾಯಿತು, ಕಾರುಗಳು ಹೆಚ್ಚಿದವು. ಚನ್ನಪಟ್ಟಣಕ್ಕೆ ಹೋಗುವ ದಾರಿಯಲ್ಲಿ, ಊರೂರಿಗೂ ಒಂದೊಂದು ಅಂಗಡಿ ತೆರೆಯುವಂಥ ಕಂಪನಿಯೊಂದು ಗಾಜಿನ ಗೋಡೆಯ ಕಾಫಿ ಅಂಗಡಿ ತೆರೆಯಿತು. ಭಾನುಪ್ರಿಯ ಅಲ್ಲಿ ಕೆಲಸ ಹಿಡಿದಳು. ತಾಯಿಗೆ ಸುತರಾಂ ಇಷ್ಟವಿರಲಿಲ್ಲ.

“ನನ್ ಪಕ್ಕ ಕುಂತ್ಕ ಅಂದ್ರೆ ಹುಳದ ನಾತ ಅಂತೀಯ. ಅಲ್ಲಿ ಕಂಡೋರ ಎಂಜಲು ಲೋಟ ತೊಳೆಯಾಕೆ ಆಯ್ತದಾ?”

“ತೊಳಿಯಂಗೇ ಇಲ್ಲ ಕಣವ್ವ. ಕುಡ್ದು ಬಿಸಾಕೋ ಲೋಟ.”

“ಬಿಸಾಕಾಕೆ ಲೋಟ ಮಾಡ್ತಾರಾ? ಚೆನ್ನಾಗೈತೆ ಕಣವ್ವ ನಿಮ್ ಬದುಕು.”

ಅಂಗಡಿಯಲ್ಲಿ ಕೆಲಸಗಾರರಿಗೆ ದಿನಕ್ಕೊಂದು ಲೋಟ ಪುಕ್ಕಟೆ. ಭಾನುಪ್ರಿಯ ತನ್ನ ಪಾಲಿನದನ್ನು ಕುಡಿಯದೆ ಒಂದು ಸಂಜೆ ತಾಯಿಗೆ ತಂದುಕೊಟ್ಟಳು. ತಣ್ಣನೆಯ ಕಾಫಿ, ಮೇಲೆ ಗೋಪುರದಂಥ ಕೆನೆ. ಜೊತೆಗೆ ಒಂದು ಪುಟ್ಟ ಕಾಗದದ ಪೊಟ್ಟಣ.

“ಸಕ್ಕರೆ?” ಎಂದಳು ಬೈರಮ್ಮ.

“ಸಕ್ಕರೆ ನಾವು ಹಾಕಲ್ಲ ಕಣವ್ವ. ಪೊಟ್ಟಣದಾಗಿರ್ತದೆ. ಬೇಕಾದೋರು ಹಾಕ್ಕತಾರೆ.”

ಬೈರಮ್ಮ ಪೊಟ್ಟಣವನ್ನು ಒಡೆಯದೆ ಪಕ್ಕಕ್ಕಿಟ್ಟು ಒಂದು ಗುಟುಕು ಕುಡಿದಳು. ದಿನವಿಡೀ ಬಿಸಿನೀರಿನ ಹಬೆಯಲ್ಲಿ ಬೆಂದ ಗಂಟಲಿಗೆ ಅದು ಇಳಿದ ಬಗೆಯೇ ಬೇರೆ.

“ಸೀ ಅನ್ಸ್ತದಲ್ಲೇ?”

“ಅದು ಕೆನೆ ಕಣವ್ವ. ಹಾಲಿನ ಸಿಹಿ.”

“ನಮ್ ಕಲ್ಯದ ಹಸ ಹಿಂಗ್ ಹಾಲು ಕರೆದಿದ್ರೆ ನಾನ್ಯಾಕೆ ರಾಮನಗರಕ್ಕೆ ಬತ್ತಿದ್ದೆ?” ಎಂದು ನಕ್ಕು ಲೋಟ ಬರಿದು ಮಾಡಿದಳು.

ಅಂದಿನಿಂದ ಮಗಳ ಕೆಲಸದ ಬಗ್ಗೆ ಅವಳ ಬಾಯಿ ಕಟ್ಟಿತು. ಸಂಜೆಯಾದರೆ ಬಾಗಿಲಲ್ಲಿ ಕಾಯುತ್ತಿದ್ದಳು. ಪೊಟ್ಟಣಗಳನ್ನು ಒಂದು ಡಬ್ಬಿಯಲ್ಲಿ ಕೂಡಿಡುತ್ತಾ ಹೋದಳು. ಬಂದವರಿಗೆ ಡಬ್ಬಿ ತೆರೆದು ತೋರಿಸಿ, “ನೋಡಿ, ಒಂದನ್ನೂ ಒಡ್ದಿಲ್ಲ ನಾನು” ಎನ್ನುತ್ತಿದ್ದಳು.

ಖಾಲಿ ಲೋಟಕ್ಕೆ ಇರುವೆ ಮುತ್ತುತ್ತಿತ್ತು. ಬೈರಮ್ಮ ತಲೆ ಕೆಡಿಸಿಕೊಳ್ಳಲಿಲ್ಲ. ಗೂಡು ಬಿಚ್ಚುವವರ ಸೀರೆಗೆ ಸತ್ತ ಹುಳದ ವಾಸನೆ ಅಂಟಿರುತ್ತದೆ, ಅಂಥ ಮನೆಗೆ ಇರುವೆ ಬಾರದಿದ್ದರೇ ಆಶ್ಚರ್ಯ. ಒಂದು ವರ್ಷ ಕಳೆಯುವಷ್ಟರಲ್ಲಿ ಬೆರಳ ತುದಿ ಜೋಮು ಹಿಡಿಯಿತು. ಅದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ.

“ಬಿಸಿನೀರಲ್ಲಿ ಕೈ ಇಟ್ಟೋರಿಗೆಲ್ಲ ಹಂಗೇ ಅಕ್ಕ, ನಂದೂ ಮರಗಟ್ಟೋಗೈತೆ” ಎಂದಳು ರಹೀಮಾ. ಹೌದಲ್ಲ ಅನ್ನಿಸಿತು. ಆ ಕೆಲಸದವರಿಗೆ ಬೆರಳು ಸುಡುವುದು, ಸುಲಿಯುವುದು, ಸತ್ತಂತಾಗುವುದು ಹೊಸದೇನಲ್ಲ. ಆದರೆ ರಹೀಮಾಳ ಬೆರಳು ರಾತ್ರಿ ಕಳೆದು ಬೆಳಗಾದರೆ ಸರಿಹೋಗುತ್ತಿತ್ತು. ಬೈರಮ್ಮನದು ಹೋಗಲಿಲ್ಲ. ಎಳೆ ತಪ್ಪತೊಡಗಿತು. ತಾಗಿದ್ದು ಎಳೆಯೋ ನೀರೋ ತಿಳಿಯದಾಯಿತು.

ಮುಕ್ತಿಯಾರ್ ಸಾಬರು ಒಂದು ದಿನ ನೂಲನ್ನು ಬೆಳಕಿಗೆ ಹಿಡಿದು ನೋಡಿ, “ಬೈರಮ್ಮಾ, ನೂಲೆಲ್ಲ ಗಂಟು. ಕೈ ತೋರ್ಸ್ಕೊಂಡ್ ಬಾರಮ್ಮ. ಅಲ್ಲೀಗಂಟ ಗೂಡು ಆರಿಸ್ತಿರು” ಎಂದರು. ಒಳ್ಳೆಯದು ಕೆಟ್ಟದ್ದು ನೋಡಿ ಗೂಡು ಆರಿಸುವುದು ಹೊಸಬರ ಕೆಲಸ.

ಚನ್ನಪಟ್ಟಣದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಗದರಿದರು. “ಏನಮ್ಮ, ಸಿಹಿ ಬಿಟ್ಟಿದ್ದೀನಿ ಅಂತೀಯ. ಇದು ಬಿಟ್ಟವರ ರಕ್ತವಾ? ಬೆರಳಿಗೆ ಜೋಮು ಬಂದಿರೋದು ಬಿಸಿನೀರಿಂದಲ್ಲ, ಇದರಿಂದ.”

“ಕಬ್ಬಾಳಮ್ಮನಾಣೆ ಸ್ವಾಮಿ, ನಾಲಿಗೆಗೆ ಸೋಕ್ಸಿಲ್ಲ.”

ಡಾಕ್ಟರು ಪಕ್ಕದಲ್ಲಿದ್ದ ನರ್ಸಿನ ಕಡೆ ನೋಡಿ ಸಣ್ಣಗೆ ನಕ್ಕರು. ಆ ನಗು ಬೈರಮ್ಮನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಮಗಳ ಮುಂದೆ ಹೇಳಿಕೊಂಡು ಹಗುರಾಗೋಣವೆಂದು ಬಸ್ಸನ್ನು ಕಾಫಿ ಅಂಗಡಿಯ ಮುಂದೆಯೇ ನಿಲ್ಲಿಸಿಕೊಂಡು ಇಳಿದಳು.

ಒಳಗೆ ಕಾಲಿಡಲು ಸಂಕೋಚವಾಗಿ ಬಾಗಿಲ ಹತ್ತಿರವೇ ನಿಂತಳು. ಟೋಪಿ ತೊಟ್ಟ ಭಾನುಪ್ರಿಯ ಬೆನ್ನು ತಿರುಗಿಸಿ ಒಬ್ಬರಿಗೆ ಅದೇ ಕಾಫಿ ಮಾಡುತ್ತಿದ್ದಳು. ಒಂದು ಬಾಟಲಿಯ ತಲೆ ಒತ್ತಿದಳು. ಒಬ್ಬಟ್ಟಿನ ಪಾಕದಂತೆ ಮಂದವಾದದ್ದು ಲೋಟಕ್ಕೆ ಇಳಿಯಿತು. ಮತ್ತೆ ಒತ್ತಿದಳು. ಮತ್ತೆ. ಮೇಲೆ ಐಸ್‌ಕ್ರೀಮು, ಕೆನೆ, ಕೆನೆಯ ಮೇಲೆ ಇನ್ನೊಂದು ಕಂದು ಪಾಕ.

“ಶುಗರ್ ಇದೆಯಾ ಇದರಲ್ಲಿ?” ಎಂದು ಕೇಳಿದ ಗಿರಾಕಿಗೆ ಭಾನುಪ್ರಿಯ ನಗುತ್ತಾ, “ಸಕ್ಕರೆ ನಾವು ಹಾಕಲ್ಲ ಸಾರ್. ಪೊಟ್ಟಣ ಅಲ್ಲಿದೆ” ಎಂದಳು. ತಿರುಗಿದಾಗ ತಾಯಿ ಕಂಡಳು. ನಗು ಅರ್ಧಕ್ಕೆ ನಿಂತಿತು.

“ಅದೇನವ್ವ ಒತ್ತಿದ್ದು?”

“ಸಿರಪ್ಪು.”

“ಅಂಗಂದ್ರೆ?”

ಭಾನುಪ್ರಿಯ ತಲೆ ತಗ್ಗಿಸಿದಳು. “ಸಕ್ಕರೆ ಪಾಕ ಕಣವ್ವ.”

ಬೈರಮ್ಮ ಮುಂದಿನ ಬಸ್ಸು ಹತ್ತಿ ಮನೆಗೆ ಹೋದಳು. ಸಂಜೆ ಮಗಳು ಬರಿಗೈಯಲ್ಲಿ ಬಂದಾಗ ಪಿಂಗಾಣಿ ತಟ್ಟೆಯನ್ನೂ ಪೊಟ್ಟಣಗಳ ಡಬ್ಬಿಯನ್ನೂ ಮುಂದಿಟ್ಟಳು.

“ಒಂದ್ ಲೋಟಕ್ಕೆ ಎಷ್ಟು ಅಂತ ಸುರಿದು ತೋರ್ಸು.”

ಭಾನುಪ್ರಿಯ ಒಂದೊಂದೇ ಪೊಟ್ಟಣ ಹರಿದು ಸುರಿಯತೊಡಗಿದಳು. ತಟ್ಟೆಯ ನಡುವಿನ ಹೂವಿನ ಚಿತ್ರ ಮುಚ್ಚಿಹೋಯಿತು.

“ಸಾಕಾ?” ಎಂದಳು ಬೈರಮ್ಮ.

“ಇನ್ನೂ ಐತೆ.”

ಹೂವಿನ ಸುತ್ತಲಿನ ಎಲೆಗಳೂ ಮುಚ್ಚಿಹೋದವು. ಕೈ ನಿಂತಾಗ ಅದು ಕಬ್ಬಾಳಮ್ಮನ ಮುಂದೆ ಸುರಿದ ಹಿಡಿಗಿಂತ ದೊಡ್ಡ ಗುಡ್ಡೆ.

“ಇದ್ರ ಮ್ಯಾಲೆ ಕೆನೆ ಬ್ಯಾರೆ. ಒಂದ್ ಹೊತ್ತಿನ ಊಟದಷ್ಟು ಆಯ್ತದೆ ಅಂತ ಮ್ಯಾನೇಜರ್ರೇ ಅಂತಿದ್ರು” ಎಂದಳು ಭಾನುಪ್ರಿಯ.

“ಯಾವತ್ತಿಂದ ಗೊತ್ತು ನಿಂಗೆ?”

“ಮೊದ್ಲು ಗೊತ್ತಿರ್ನಿಲ್ಲ. ಗಿರಾಕಿಗೆ ಹಂಗೇ ಹೇಳಿ ಅಂತ ಹೇಳ್ಕೊಟ್ಟಿದ್ರು, ನಿಂಗೂ ಹಂಗೇ ಹೇಳ್ದೆ. ಆಮ್ಯಾಕೆ ನಾನೇ ಮಾಡಾಕೆ ನಿಂತಾಗ ಗೊತ್ತಾಯ್ತು.” ಅಳು ಬಂತು ಹುಡುಗಿಗೆ. “ಹೇಳಿದ್ರೆ ನೀನು ಕೆಲ್ಸ ಬುಟ್ಬುಡು, ಗೂಡಿನ ತೊಟ್ಟಿಗೆ ಬಾ ಅಂತಿದ್ದೆ.”

“ಅಂತಿದ್ದೆ” ಎಂದಳು ಬೈರಮ್ಮ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, “ನನ್ ಬಾಯಿಂದ ಕಬ್ಬಾಳಮ್ಮನ ಮ್ಯಾಲೆ ಸುಳ್ಳಾಣೆ ಹಾಕುಸ್ಬುಟ್ಟಲ್ಲೇ” ಎಂದಳು.

ಭಾನುಪ್ರಿಯ ಆ ಅಂಗಡಿ ಬಿಟ್ಟು ಬೇರೆ ಕಡೆ ಸೇರಿದಳು. ಬೈರಮ್ಮನ ರಕ್ತದ ಸಕ್ಕರೆ ಇಳಿಯಿತು. ಬೆರಳು ಮಾತ್ರ ಮೊದಲಿನಂತೆ ಆಗಲಿಲ್ಲ, ಅವಳು ಇವತ್ತಿಗೂ ಗೂಡು ಆರಿಸುತ್ತಾಳೆ. ನೀವು ಅವರ ಮನೆಗೆ ಹೋದರೆ ಭಾನುಪ್ರಿಯ ನಿಮಗೂ ತಾಯಿಗೂ ಟೀ ತರುತ್ತಾಳೆ. ಬೈರಮ್ಮ ಲೋಟ ತೆಗೆದುಕೊಳ್ಳುವುದಿಲ್ಲ. ಮಗಳ ಮುಖವನ್ನೂ ನೋಡದೆ, “ನೀನೊಂದ್ ಗುಟುಕು ಕುಡ್ದು, ಸೀ ಇಲ್ದಿದ್ರೆ ಕೊಡು” ಎನ್ನುತ್ತಾಳೆ. ಮಗಳು ಕುಡಿದು ಕೊಡುತ್ತಾಳೆ. ಆಮೇಲೆ ಬೈರಮ್ಮ ಕುಡಿಯುತ್ತಾಳೆ.