ನೀರು ಚಿಮುಕಿಸಿದ ಕೈ

ಮೊನ್ನೆ ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಬಳ್ಳಾರಿ ಬಸ್ಸು ಹತ್ತುವ ಮೊದಲು ಹುರಿದ ಶೇಂಗಾದ ಪೊಟ್ಟಣ ಕೊಂಡಿದ್ದೆ. ತಳಕು ದಾಟುವವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ಕಹಿ ಕಾಳು ಹಲ್ಲಿಗೆ ಸಿಕ್ಕಿತು. ಶೇಂಗಾ ತಿನ್ನುವವರಿಗೆಲ್ಲ ಗೊತ್ತು, ಆ ಒಂದು ಕಾಳು ಅದಕ್ಕೆ ಮುಂಚೆ ತಿಂದದ್ದನ್ನೆಲ್ಲ ಕೆಡಿಸಿಬಿಡುತ್ತದೆ. ಕಿಟಕಿಯಾಚೆ ಉಗಿದೆ, ನೀರು ಕುಡಿದೆ. ಕಹಿ ಹೋಗಲಿಲ್ಲ. ಅದರ ಹಿಂದೆಯೇ ಒದ್ದೆ ಗೋಣಿತಾಟಿನ ಮುಗ್ಗಲು ವಾಸನೆಯೂ ಮೂಗಿಗೆ ಬಂದ ಹಾಗಾಯಿತು. ಅದು ರಾಂಪುರದಲ್ಲಿ ಪೆದ್ದಮ್ಮನ ಪಡಸಾಲೆಯ ವಾಸನೆ...

ಪೆದ್ದಮ್ಮ ನನಗೆ ನೆಂಟಳಲ್ಲ, ಮನೆ ಬಾಡಿಗೆಗೆ ಕೊಟ್ಟಿದ್ದವಳು. ಮೊಳಕಾಲ್ಮೂರಿನ ನೇಕಾರರ ಮನೆಯ ಮಗಳು, ತೆಲುಗು ಮನೆಮಾತು. ಓಣಿಯವರೆಲ್ಲ ಆಕೆಯನ್ನು ಪೆದ್ದಮ್ಮ ಎಂದು ಕರೆಯುತ್ತಿದ್ದರು, ತೆಲುಗಿನಲ್ಲಿ ಹಾಗೆಂದರೆ ದೊಡ್ಡಮ್ಮ. ಚಳ್ಳಕೆರೆಯಿಂದ ಬಂದ ನನಗೆ ಹಾಗೆ ಕರೆಯಲು ಬಾಯಿ ಬರುತ್ತಿರಲಿಲ್ಲ. "ಕರಿ ಕಣಮ್ಮ. ನಿನ್ನಂಥೋಳಿಗೆ ಮನೆ ಕೊಟ್ಟ ಮ್ಯಾಲೆ ನಾನು ಎರಡೂ ಭಾಷೇಲಿ ಪೆದ್ದಮ್ಮನೇ" ಎಂದು ನಕ್ಕಿದ್ದಳು.

ನಾನಾಗ ಶೇಂಗಾಕ್ಕೆ ಹಿಡಿಯುವ ಬೂಷ್ಟಿನ ಬಗ್ಗೆ ನಡೆಯುತ್ತಿದ್ದ ಅಧ್ಯಯನವೊಂದರಲ್ಲಿ ಮನೆಮನೆಯಿಂದ ಕಾಳಿನ ಮಾದರಿ ತರುವ ಕೆಲಸ ಮಾಡುತ್ತಿದ್ದೆ. ಆ ಬೂಷ್ಟಿನಲ್ಲಿ ಒಂದು ವಿಷವಿರುತ್ತದೆ. ಹುರಿದರೂ ಪೂರ್ತಿ ಹೋಗುವುದಿಲ್ಲ, ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಲಿವರನ್ನು ತಿನ್ನುತ್ತದೆ. ಕರ್ನಾಟಕದವರು, ಆಂಧ್ರದವರು ಕೂಡಿ ಅಧ್ಯಯನ ಮಾಡುತ್ತಿದ್ದರು. ಕೂಡದೆ ಗತಿಯಿರಲಿಲ್ಲ. ಗಡಿಯ ಈ ಕಡೆ ಆ ಕಡೆ ಮಣ್ಣು ಒಂದೇ, ಕೈಕೊಡುವ ಮಳೆಯೂ ಒಂದೇ. ಆಂಧ್ರದ ರಾಯದುರ್ಗದ ಕಡೆಯ ಶೇಂಗಾ ಚಳ್ಳಕೆರೆಯ ಎಣ್ಣೆ ಮಿಲ್ಲಿಗೆ ಬಂದು ಬಿದ್ದ ಮೇಲೆ ಅದು ಯಾವ ರಾಜ್ಯದ್ದೆಂದು ದೇವರಿಗೂ ಗೊತ್ತಾಗುವುದಿಲ್ಲ.

ಬೂಷ್ಟು ಎಲ್ಲಿ ಹುಟ್ಟುತ್ತದೆ ಎಂದು ಊರೂರು ಅಲೆಯುತ್ತಿದ್ದ ನಮಗೆ ಉತ್ತರ ಸಿಕ್ಕಿದ್ದು ನಾನಿದ್ದ ಮನೆಯ ಪಡಸಾಲೆಯಲ್ಲೇ. ಬಿತ್ತನೆಗೆ ಮುಂಚೆ ಬೀಜದ ಸಾವ್ಕಾರ ಮೂಟೆ ಮೂಟೆ ಶೇಂಗಾಕಾಯಿ ತಂದು ಇಳಿಸುತ್ತಿದ್ದ. ಬಿತ್ತುವ ಬೀಜವಾದ್ದರಿಂದ ಕೈಯಲ್ಲೇ ಸುಲಿಯಬೇಕು. ಒಣಗಿದ ಸಿಪ್ಪೆ ಬೆರಳಿನ ತುದಿಯನ್ನು ಸೀಳಿಬಿಡುತ್ತದೆ. ಅದಕ್ಕೇ ಹೆಂಗಸರು ಸಂಜೆ ಕಾಯಿಗೆ ನೀರು ಚಿಮುಕಿಸಿ, ಗೋಣಿತಾಟು ಹೊದಿಸಿಡುತ್ತಿದ್ದರು. ಬೆಳಿಗ್ಗೆ ಸಿಪ್ಪೆ ಮೆತ್ತಗಾಗಿ ಚಕಚಕ ಬಿಡುತ್ತಿತ್ತು. ಬೂಷ್ಟಿಗೆ ಇನ್ನೇನು ಬೇಕು? ದುಂಡನೆಯ ಕಾಳು ಸಾವ್ಕಾರನಿಗೆ. ಜೊಳ್ಳು, ಮುರುಕು, ಕಪ್ಪಾದದ್ದು ಸುಲಿದವರ ಪಾಲು, ಹಿಂದಿನಿಂದ ಬಂದ ಪದ್ಧತಿ. ಪೆದ್ದಮ್ಮ ಅದನ್ನು ಹುರಿದು, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಚಟ್ನಿಪುಡಿ ಕುಟ್ಟುತ್ತಿದ್ದಳು. ಆ ಖಾರದಲ್ಲಿ ಕಹಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮುದ್ದೆಯ ಜೊತೆ ಅದನ್ನು ನಾನೂ ಚಪ್ಪರಿಸಿದ್ದೇನೆ.

ಆಕೆಯ ಡಬ್ಬಿಯ ಪುಡಿಯಲ್ಲಿ ವಿಷ ಹೆಚ್ಚಿದೆ ಎಂದು ಪರೀಕ್ಷೆಯಲ್ಲಿ ಬಂದ ಮೇಲೆ ಆಂಧ್ರದ ಕಡೆಯ ಹಿರಿಯ ವಿಜ್ಞಾನಿಯೇ ರಾಂಪುರಕ್ಕೆ ಬಂದರು. ಪಡಸಾಲೆಯಲ್ಲಿ ಆಕೆಯ ಎದುರು ನೆಲಕ್ಕೇ ಕೂತು, "ಅಮ್ಮಾ, ಕಾಯಲು ತಡಪಕಂಡಿ" ಎಂದರು. ಕಾಯಿ ನೆನೆಸಬೇಡಿ, ಕಪ್ಪು ಕಾಳು ತಿನ್ನಬೇಡಿ ಎಂದು ನಾನು ಕನ್ನಡದಲ್ಲಿ ಮತ್ತೆ ಹೇಳಿದೆ. ಪೆದ್ದಮ್ಮ ಸುಲಿಯುವುದನ್ನು ನಿಲ್ಲಿಸದೆ ಎಲ್ಲ ಕೇಳಿಸಿಕೊಂಡಳು.

"ನನಗೊಬ್ಳಿಗೆ ಹೇಳಿದ್ರೆ ಏನಾಯ್ತದಮ್ಮ? ಒಣಗಿದ್ದು ಸುಲಿಯೋಕೆ ಕೂತ್ರೆ ಹೊತ್ತಾಗ್ತದೆ. ಸಾವ್ಕಾರ ನಾಳೆ ಬ್ಯಾರೆಯೋರ ಮನೆಗೆ ಮೂಟೆ ಇಳಿಸ್ತಾನೆ. ಈ ಕಡೇರು ಎಲ್ರೂ ಬ್ಯಾಡ ಅಂದ್ರೆ ಆ ಕಡೆಗೆ ತಗಂಡು ಹೋಗ್ತಾನೆ. ಎರಡೂ ಕಡೆ ಒಂದೇ ದಿನ ಡಂಗುರ ಸಾರಿಸ್ರಿ. ಆವಾಗ ಅವನು ಮಿಷನ್ನಾದ್ರೂ ತರ್ತಾನೆ. ಅವತ್ತೇ ಈ ನೀರಿನ ಚೊಂಬು ಎತ್ತಿಡ್ತೀನಿ."

ಹಿರಿಯರು ತಲೆಯಾಡಿಸಿದರು. ಅವರ ಜೊತೆ ಬಂದಿದ್ದ ಹುಡುಗಿ ವರದಿಗೆಂದು ಆಕೆ ನೀರು ಚಿಮುಕಿಸುವ ಫೋಟೋ ತೆಗೆದಳು. ಬೆರಳು ಸೀಳದಿರಲೆಂದು ಪೆದ್ದಮ್ಮ ತವರಿನ ಮಗ್ಗದಲ್ಲಿ ಉಳಿದ ಹಸಿರು ರೇಷ್ಮೆ ನೂಲನ್ನು ತೋರುಬೆರಳಿಗೆ ಸುತ್ತಿಕೊಂಡಿರುತ್ತಿದ್ದಳು. ಮುಖ ಬರುವುದಿಲ್ಲ, ಕೈ ಮಾತ್ರ ಎಂದಾಗ, "ಹಂಗಾದ್ರೆ ತಡಿ, ನೂಲಾದ್ರೂ ಹೊಸದು ಸುತ್ಕಂತೀನಿ" ಎಂದು ಒಳಗೆ ಹೋಗಿ ಬಂದಳು.

ಮಾರನೆಯ ದಿನದಿಂದ ನನ್ನ ತಟ್ಟೆಗೆ ಚಟ್ನಿಪುಡಿ ಬೀಳಲಿಲ್ಲ. ಅಂಗಡಿಯ ಹುರಿಗಡಲೆಯಲ್ಲಿ ನನಗೆಂದೇ ಬೇರೆ ಪುಡಿ ಮಾಡಿದ್ದಳು. ತಾನು ಮಾತ್ರ ಹಳೆಯ ಡಬ್ಬಿಯನ್ನೇ ಬಗ್ಗಿಸಿಕೊಳ್ಳುತ್ತಿದ್ದಳು. ಜಗಳವಾಡಿದೆ, ಒಮ್ಮೆ ಡಬ್ಬಿಯನ್ನು ತಿಪ್ಪೆಗೆ ಸುರಿದೂ ಬಂದೆ. ವಾರದೊಳಗೆ ಅದು ಮತ್ತೆ ತುಂಬಿತ್ತು. "ನೀನು ಬಾಳಿ ಬದುಕೋಳು. ನಂದೇನು? ಅನ್ನ ಬಿಸಾಕಬಾರ್ದು" ಎಂದಳು. ವಿಷವನ್ನೂ ಅನ್ನ ಎಂದೇ ಕರೆಯುವವರ ಜೊತೆ ಏನು ವಾದ ಮಾಡುವುದು...

ಎರಡೂ ಕಡೆಯವರ ಸಭೆ ಮೊಳಕಾಲ್ಮೂರಿನಲ್ಲಿ ನಡೆಯಿತು, ಆಮೇಲೆ ಚಳ್ಳಕೆರೆಯಲ್ಲಿ, ಆಮೇಲೆ ಗಡಿಯಾಚೆ. ನಮ್ಮ ಶೇಂಗಾದಲ್ಲಿ ವಿಷ ಎಂದು ನಾವೇ ಸಾರಿದರೆ ಮಾರುಕಟ್ಟೆ ಬಿದ್ದುಹೋಗುತ್ತದೆ, ಮೊದಲು ಅವರು ಹೇಳಲಿ ಎಂದು ಇವರು. ಮೊದಲು ಇವರು ಹೇಳಲಿ ಎಂದು ಅವರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಹಿಂದಿನ ಕುರ್ಚಿಯಲ್ಲಿ ಕೂತು ನಾನು ಇದನ್ನೆಲ್ಲ ಕೇಳಿದ್ದೇನೆ. ಚಹಾ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬರುತ್ತಿದ್ದವು. ವಿಷಯ ಮುಂದಿನ ಸಭೆಗೆ ಹೋಗುತ್ತಿತ್ತು. ಇವತ್ತಿಗೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ನಾನು ಸಭೆಯಿಂದ ಮನೆಗೆ ಬಂದಾಗಲೆಲ್ಲ ಪೆದ್ದಮ್ಮ ಚೊಂಬಿನ ಪಕ್ಕದಲ್ಲಿ ಕೂತಿರುತ್ತಿದ್ದಳು. "ಏನಾಯ್ತಮ್ಮ, ಸಾರ್ತಾರಂತಾ?" ಎಂದು ಕೇಳುತ್ತಿದ್ದಳು. ಇನ್ನೂ ಇಲ್ಲ ಎಂದರೆ ಬೇಜಾರೂ ಮಾಡಿಕೊಳ್ಳದೆ ಚೊಂಬಿಗೆ ಕೈ ಅದ್ದುತ್ತಿದ್ದಳು.

ಎರಡನೆಯ ಮುಂಗಾರಿನ ಹೊತ್ತಿಗೆ ಆಕೆಯ ಕಣ್ಣು ಹಳದಿಯಾಯಿತು. ಕಾಮಾಲೆ ಎಂದು ಯಾರೋ ಸೊಪ್ಪಿನ ರಸ ಕುಡಿಸಿದರು. ಕಾಲು ಬಾತುಕೊಂಡು ಹೊಟ್ಟೆ ಉಬ್ಬಿದ ಮೇಲೆ ಬಳ್ಳಾರಿಗೆ ಸೇರಿಸಿದೆವು. ಲಿವರ್ ಉಳಿದಿಲ್ಲ ಎಂದರು ಡಾಕ್ಟರು. ಶೇಂಗಾದಿಂದಲೇ ಹೀಗಾಯಿತೇ ಎಂದು ಕೇಳಿದೆ. ಇದೊಂದರಿಂದಲೇ ಎಂದು ಯಾರು ತಾನೇ ಹೇಳಲಾದೀತು ಎಂದರು. ಅದೂ ನಿಜವೇ. ಗಡಿಯಾಚೆಯಿಂದ ಆ ಹಿರಿಯರು ಬಸ್ಸಿನಲ್ಲಿ ನೋಡಲು ಬಂದರು. ಮಂಚದ ಪಕ್ಕ ನಿಂತು ಕನ್ನಡಕ ಒರೆಸಿಕೊಳ್ಳುತ್ತಲೇ ಇದ್ದರು. ಆ ಮಳೆಗಾಲ ಮುಗಿಯುವ ಮುಂಚೆಯೇ ಪೆದ್ದಮ್ಮ ಹೋಗಿಬಿಟ್ಟಳು. ನನ್ನ ಹೆತ್ತವ್ವ ಹೋದಾಗಲೂ ನಾನು ಅಷ್ಟು ಅತ್ತಿರಲಿಲ್ಲ.

ಕೆಲಸ ಮುಗಿದು ನಾನು ಬೇರೆ ಕಡೆ ಹೋದೆ. ಎಷ್ಟೋ ಕಾಲದ ಮೇಲೆ ಎರಡೂ ಕಡೆ ಕೂಡಿಯೇ ಸಾರಿದರೆಂದು ಕೇಳಿದ್ದೆ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದುಕೊಂಡು ಸುಮ್ಮನಾಗಿದ್ದೆ.

ಮೊನ್ನೆ ಬಾಯಲ್ಲಿ ಆ ಕಹಿ ಇದ್ದದ್ದಕ್ಕೋ ಏನೋ, ಬಳ್ಳಾರಿಯವರೆಗೆ ಟಿಕೆಟ್ ತೆಗೆದಿದ್ದರೂ ರಾಂಪುರದಲ್ಲಿ ಇಳಿದುಬಿಟ್ಟೆ. ಪೆದ್ದಮ್ಮನ ಮನೆಯಿದ್ದ ಜಾಗದಲ್ಲಿ ಬೇರೆ ಮನೆ ಎದ್ದಿದೆ. ಸಾವ್ಕಾರನ ಅಂಗಡಿ ಅಲ್ಲೇ ಇತ್ತು. ಒಳಗೆ ಸುಲಿಯುವ ಮಿಷನ್ನು ಗಡಗಡ ಓಡುತ್ತಿತ್ತು. ಕಪ್ಪು ಕಾಳನ್ನು ಬೇರೆ ಚೀಲಕ್ಕೆ ತುಂಬಿ, ತಿನ್ನಬಾರದು ಎಂದು ಬರೆದಿಟ್ಟಿದ್ದರು. ನೀರಿನ ಚೊಂಬು ಎಲ್ಲೂ ಕಾಣಲಿಲ್ಲ. ಇಷ್ಟೇ ಆಗಬೇಕಾಗಿದ್ದದ್ದು.

ಗೋಡೆಯ ಮೇಲೆ ಕನ್ನಡ, ತೆಲುಗು ಎರಡರಲ್ಲೂ ಅಚ್ಚಾದ ಪೋಸ್ಟರ್, ಬಿಸಿಲಿಗೆ ಬಣ್ಣ ಹೋಗಿತ್ತು. ಅದರಲ್ಲಿ ಶೇಂಗಾಕಾಯಿಯ ಮೇಲೆ ನೀರು ಚಿಮುಕಿಸುವ ಒಂದು ಕೈ. ಅದರ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಕೆಂಪು ಕತ್ತರಿ ಗುರುತು. ತೋರುಬೆರಳಿಗೆ ಹಸಿರು ರೇಷ್ಮೆ ನೂಲು ಸುತ್ತಿತ್ತು, ಹೊಸ ನೂಲು.

ನಾನು ನಿಂತೇ ಇದ್ದದ್ದನ್ನು ಕಂಡು ಬೀಜ ತೂಗುತ್ತಿದ್ದ ಹೆಂಗಸು ಹೇಳಿದಳು: "ಹಿಂದೆ ಹಂಗೆ ಮಾಡ್ತಿದ್ರಂತೆ ಅಕ್ಕಾ. ಪಾಪ, ತಿಳೀತಿರ್ಲಿಲ್ಲ ಅವರಿಗೆ."

"ತಿಳಿದಿತ್ತಮ್ಮ" ಎಂದೆ. "ಇದನ್ನ ಅಂಟಿಸ್ಲಿ ಅಂತಾನೇ ಕಾಯ್ತಾ ಕೂತಿದ್ಳು."