ಭೋಂಗಾಕ್ಕೆ ಓಗೊಟ್ಟ ತೋಳ

ಮಿರಜಿನ ಹತ್ತಿರದ ಕುಪವಾಡದಲ್ಲಿ, ಎಂಐಡಿಸಿಯ ಕಾರ್ಖಾನೆಗಳ ಹಿಂದೆ ಆಗ ಇನ್ನೂ ಬಯಲಿತ್ತು. ಜಾಲಿಮುಳ್ಳು, ಒಣಹುಲ್ಲು, ಅಲ್ಲಲ್ಲಿ ಪ್ಲಾಟಿನ ಗುರುತಿಗೆ ನೆಟ್ಟ ಕಲ್ಲು. ನಾವು ಬಾಡಿಗೆಗಿದ್ದ ಮನೆ ಆ ಬಯಲಿನ ಅಂಚಿಗೇ ಇತ್ತು. ಅಪ್ಪ ಒಂದು ಎರಕದ ಕಾರ್ಖಾನೆಯಲ್ಲಿ ಟೈಮ್‌ಕೀಪರ್. ಸಂಜೆ ಆರಕ್ಕೆ ಪಾಳಿ ಮುಗಿಯಿತೆಂದು ಸಾರುವ ಭೋಂಗಾ ಒತ್ತುವುದು ಅವನ ಕೆಲಸ. ಹೊರಗಿನವರು ಅದನ್ನು ಸೈರನ್ ಎನ್ನುತ್ತಾರೆ. ನಮ್ಮಪ್ಪ ಹೇಳಿದ ಮೇಲೆಯೇ ಇಡೀ ಕುಪವಾಡ ಮನೆಗೆ ಹೋಗುತ್ತದೆ ಎಂದು ನಾನು ಶಾಲೆಯಲ್ಲಿ ಜಂಬ ಕೊಚ್ಚುತ್ತಿದ್ದೆ.

ಒಂದು ಚಳಿಗಾಲದ ಸಂಜೆ ಭೋಂಗಾ ನಿಂತ ಮೇಲೂ ಬಯಲಿನಿಂದ ಅಂಥದ್ದೇ ಕೂಗು ಬಂತು. ಸಲಗರೆಯ ಕಡೆ ಬದುಕೆಲ್ಲ ಕುರಿ ಕಾಯ್ದು, ಮೊಣಕಾಲು ಸೋತು ನಮ್ಮಲ್ಲಿಗೆ ಬಂದಿದ್ದ ಅಜ್ಜ ಚಹಾದ ಬಸಿ ಕೆಳಗಿಟ್ಟ.

"ತೋಳ," ಎಂದ. "ಒಂದ ಐತಿ. ತನ್ನ ಮಂದೀನ ಕರಿಯಾಕತ್ತೈತಿ."

ಒಂದೇ ಎಂದು ಹೇಗೆ ಗೊತ್ತು ಎಂದು ಕೇಳಿದೆ. ಹಿಂಡಿನ ತೋಳಗಳು ಎಂದೂ ಒಂದೇ ಸ್ವರದಲ್ಲಿ ಊಳಿಡುವುದಿಲ್ಲವಂತೆ. ಒಂದು ಏರಿಸಿದರೆ ಇನ್ನೊಂದು ಇಳಿಸುತ್ತದೆ, ಹಾಗಾಗಿ ಮೂರು ಇದ್ದರೆ ಹತ್ತು ಇದ್ದಂತೆ ಕೇಳುತ್ತದೆ. ಇದು ಮಾತ್ರ ಒಂದು ಸಲ ಕೂಗಿ, ನಿಂತು ಕೇಳಿಸಿಕೊಂಡು, ಮತ್ತೆ ಕೂಗುತ್ತಿತ್ತು. ತೋಳದ ಮೇಲೆ ಅಜ್ಜನಿಗೆ ಸಿಟ್ಟು ಎಷ್ಟೋ ಅಕ್ಕರೆಯೂ ಅಷ್ಟೇ. ಅವು ಒಯ್ದ ಕುರಿಗಳನ್ನು ನೆನೆದು ಬೈಯುತ್ತಲೇ, ಗಂಡು ಹೆಣ್ಣು ಎರಡೂ ಬೇಟೆಯಾಡಿ ಬಂದು ಮರಿಗಳ ಮುಂದೆ ಮಾಂಸ ಕಕ್ಕಿ ಉಣಿಸುವುದನ್ನೂ, ಹಿಂದಿನ ವರ್ಷದ ಮರಿಗಳು ಈ ವರ್ಷದವನ್ನು ಕಾಯುವುದನ್ನೂ ಹೇಳುತ್ತಿದ್ದ.

ಆಮೇಲೆ ದಿನವೂ ಅದೇ ಆಯಿತು. ಭೋಂಗಾ ಕೂಗಿದರೆ ತೋಳ ಓಗೊಡುತ್ತಿತ್ತು, ದಿನದಿಂದ ದಿನಕ್ಕೆ ಹತ್ತಿರದಿಂದ. ಅಜ್ಜನಿಗೆ ತಡೆಯಲಾಗಲಿಲ್ಲ.

"ಆ ಭೋಂಗಾ ಒತ್ತಬ್ಯಾಡಪಾ. ತನ್ನವರು ಅದಾರಂತ ತಿಳದು ಅದು ರಸ್ತೇಕ ಬರತೈತಿ. ಲಾರಿಗೆ ಸಿಕ್ಕು ಸಾಯತೈತಿ."

"ಮಾಲಕರಿಗೆ ಏನಂತ ಹೇಳ್ಲಿ?" ಎಂದ ಅಪ್ಪ. "ತೋಳಕ್ಕ ತ್ರಾಸ ಆಗತೈತ್ರಿ, ಅಂತನಾ?"

ನಾನು ಹೊಟ್ಟೆ ಹಿಡಿದು ನಕ್ಕಿದ್ದೆ.

ಆ ಚಳಿಗಾಲ ಮುಗಿಯುವ ಮುನ್ನವೇ ಕಾರ್ಖಾನೆಗೆ ಪರದೇಶದ ಆರ್ಡರ್ ಬಂತು, ಗೋಡೆಗೆ ಹೊಸ ಬಣ್ಣ ಬಂತು, ಬಾಗಿಲಲ್ಲಿ ಕಾರ್ಡ್ ಒತ್ತುವ ಮಷೀನು ಬಂತು. ಭೋಂಗಾ ನಿಂತಿತು. ತೋಳ ನಿಲ್ಲಲಿಲ್ಲ. ಎರಡು ಸಂಜೆ ಅದು ಕೂಗಿ ಕೂಗಿ ಸುಮ್ಮನಾಯಿತು. ಈಗ ಅಜ್ಜನಿಗೆ ಬೇರೆ ಸಂಕಟ. ಮೋಸದ್ದಾದರೂ ಒಂದು ಉತ್ತರ ಇತ್ತಲ್ಲ, ಅದೂ ಹೋಯಿತಲ್ಲ ಎಂದು.

ಮೂರನೆಯ ಸಂಜೆ ಅವನು ನನ್ನ ಹೆಗಲು ಹಿಡಿದು ಮಾಳಿಗೆ ಹತ್ತಿದ. ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಊಳಿಟ್ಟ. ಅಷ್ಟರಲ್ಲಿ ಕೆಮ್ಮು ಬಂದು ದನಿ ಕಡಿಯಿತು.

"ನನ್ನ ದಮ್ ಸಾಲಂಗಿಲ್ಲ ತಂಗಿ. ನೀನೂ ದನಿ ಕೂಡಸು. ಇಬ್ಬರ ದನಿ ಕೇಳಿದ್ರ ಅದಕ್ಕ ಧೈರ್ಯ ಬರತೈತಿ."

ಪಕ್ಕದ ಮಾಳಿಗೆಯಲ್ಲಿ ನನ್ನ ತರಗತಿಯ ಇಬ್ಬರು ಹುಡುಗಿಯರು ಬಟ್ಟೆ ತೆಗೆಯುತ್ತಿದ್ದರು, ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಜನ ನಗುತ್ತಾರೆ ಅಜ್ಜ ಎಂದು ಅವರ ಮರಾಠಿಯಲ್ಲೇ, ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿ ಕೆಳಗಿಳಿದೆ. ಮೆಟ್ಟಿಲ ಮೇಲಿದ್ದಾಗ ಅಜ್ಜನ ಅರ್ಧ ಕೂಗು ಕೇಳಿತು. ಬಯಲಿನಿಂದ ತಕ್ಷಣ ಉತ್ತರ ಬಂತು. ಆಮೇಲೆ ಬರೀ ಕೆಮ್ಮು.

ಮರುದಿನದಿಂದ ತೋಳ ಕೂಗಲಿಲ್ಲ. ಅಜ್ಜ ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ನಾನು ಮರೆತುಬಿಡುತ್ತಿದ್ದೆನೇನೋ. ಆ ಬೇಸಿಗೆ ಅವನು ತೀರಿಕೊಂಡ.

ಬಯಲಿನ ತುಂಬ ಈಗ ಮನೆಗಳು. ನಾನಿರುವುದು ಮಿರಜಿನಲ್ಲಿ. ಸಂಜೆ ಆಂಬುಲೆನ್ಸ್ ಕೂಗುತ್ತ ಹೋದರೆ ಓಣಿಯ ನಾಯಿಗಳು ಓಗೊಡುತ್ತವೆ, ನನಗೆ ಅಜ್ಜ ಬೇಕೆನಿಸುತ್ತದೆ. ಮೊನ್ನೆ ತಡೆಯಲಾರದೆ ಮಾಳಿಗೆಗೆ ಹೋದೆ, ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದೆ. ದನಿ ಚೆನ್ನಾಗಿಯೇ ಬಂತು, ಅಜ್ಜನಿಗಿಂತ ಉದ್ದಕ್ಕೆ. ನಿಂತು ಕೇಳಿಸಿಕೊಂಡೆ. ಮತ್ತೊಮ್ಮೆ ಕೂಗಿದೆ.