ಕಾರು ಯಾರ ಹೆಸರಿಗೆ

ನಮ್ಮ ಮನೆಯಲ್ಲಿ ಮೊದಲು ಕಾರಿನ ಲೈಸೆನ್ಸ್ ಬಂದದ್ದು ನನಗೆ. ಆಗಿನ್ನೂ ಕಾರೇ ಇರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತ ಓಣಿಯವರು ನಕ್ಕರು. ನಗಲಿ ಬಿಡಿ, ನಮಗೆ ಬೇರೆ ದಾರಿ ಇರಲಿಲ್ಲ. ಅಪ್ಪನದು ಶಿಕಾರಿಪುರದಲ್ಲಿ ಮೆಕ್ಕೆಜೋಳದ ವ್ಯಾಪಾರ. ಸೊರಬದ ಕಡೆಯ ಹಳ್ಳಿಗಳನ್ನೆಲ್ಲ ಸ್ಕೂಟರಿನಲ್ಲೇ ಸುತ್ತಿ ಮಾಲು ನೋಡಿ ಬರುತ್ತಿದ್ದ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದ ಮೇಲೆ ಡಾಕ್ಟರು ಇನ್ನು ಗಾಡಿ ಓಡಿಸಬೇಡಿ ಅಂದುಬಿಟ್ಟರು. ಅಕ್ಕ ಮದುವೆಯಾಗಿ ಹೋಗಿದ್ದಳು, ಗಂಡುಮಕ್ಕಳು ಇರಲಿಲ್ಲ. ಉಳಿದವಳು ನಾನೊಬ್ಬಳೇ, ಆಗಷ್ಟೇ ಹತ್ತೊಂಬತ್ತು ತುಂಬಿದವಳು. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದ ಮೇಲೆ ಅಪ್ಪನನ್ನು ಕರೆದುಕೊಂಡು ತಿರುಗುವುದು ಅಂತ ತೀರ್ಮಾನವಾಯಿತು. ನನಗೆ ಅದು ಭಾರ ಅನ್ನಿಸಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಕುಣಿದಿದ್ದೆ.

ಗೆಳೆಯನೊಬ್ಬನ ಕಾರು ತಂದು ಡ್ರೈವಿಂಗ್ ಕಲಿಸಿದವನು ಮಾಮ, ಅವ್ವನ ಕೊನೆಯ ತಮ್ಮ. ನನಗಿಂತ ಹತ್ತು ವರ್ಷ ದೊಡ್ಡವನು, ಸೊರಬದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ. ಅವನನ್ನು ಕೆಟ್ಟವನು ಅನ್ನಲಾರೆ. ಗೇರು ತಪ್ಪಿಸಿದರೆ ಬೈಯುತ್ತಿರಲಿಲ್ಲ, ಚರಂಡಿಯ ಅಂಚಿಗೆ ಹೋದಾಗ ಸ್ಟೇರಿಂಗ್ ಹಿಡಿದು ಈಚೆಗೆ ಎಳೆದು ನಗುತ್ತಿದ್ದ. ಆದರೆ ಅವನು ನನಗೆ ಬರೀ ಮಾಮ ಅಲ್ಲ ಅನ್ನುವುದು ನನಗಿಂತ ಮೊದಲೇ ಎಲ್ಲರಿಗೂ ಗೊತ್ತಿತ್ತು. ಅಕ್ಕನ ಮಗಳ ಮೇಲೆ ಸೋದರಮಾವನಿಗೆ ಹಕ್ಕಿದೆ ಅಂತ ನಮ್ಮಲ್ಲಿ ಈಗಲೂ ನಂಬುವವರಿದ್ದಾರೆ. ಅವ್ವನ ತಾಯಿ, ಕುಬಟೂರಿನ ನಮ್ಮಜ್ಜಿ, ನಾನು ತೊಟ್ಟಿಲಲ್ಲಿದ್ದಾಗಲೇ ಮಗನಿಗೆ ತೋರಿಸಿ ಇವಳು ನಿನ್ನ ಹೆಂಡ್ತಿ ಅಂದಿದ್ದಳಂತೆ. ಚಿಕ್ಕಂದಿನಲ್ಲಿ ಅದನ್ನು ಚೇಷ್ಟೆ ಅಂದುಕೊಂಡಿದ್ದೆ. ಪಿಯುಸಿ ಮುಗಿಯುವ ಹೊತ್ತಿಗೆ ಚೇಷ್ಟೆ ಮಾಡುವವರು ನಗುವುದನ್ನು ಬಿಟ್ಟಿದ್ದರು.

ಯಾರೂ ನನ್ನನ್ನು ಕೂರಿಸಿ ಕೇಳಲಿಲ್ಲ. ಕೇಳಿದ್ದರೆ ಒಲ್ಲೆ ಅನ್ನಬಹುದಿತ್ತು. ಕೇಳದೆ ಇದ್ದದ್ದಕ್ಕೆ ಏನು ಉತ್ತರ ಕೊಡುವುದು? ಮಾಮ ಹಬ್ಬಕ್ಕೆ ಸೀರೆ ತರುತ್ತಿದ್ದ, ಅವ್ವನಿಗೊಂದು, ನನಗೊಂದು. ಅಪ್ಪನ ಕಣ್ಣಿನ ಆಸ್ಪತ್ರೆಗೆ ಅವನೇ ಓಡಾಡಿದ. ಅವನ ಒಂದೊಂದು ಉಪಕಾರವೂ ನನ್ನ ಬಾಯಿಗೆ ಒಂದೊಂದು ಹೊಲಿಗೆ ಹಾಕುತ್ತಿತ್ತು. ಅವ್ವ ಈ ವಿಷಯ ಎತ್ತುತ್ತಲೇ ಇರಲಿಲ್ಲ. ಒಂದು ಕಡೆ ತಮ್ಮ, ಇನ್ನೊಂದು ಕಡೆ ಮಗಳು, ಅಡಕತ್ತರಿಯ ನಡುವೆ ಅವಳು. ಇದು ನನಗೆ ಗೊತ್ತಿದ್ದರೂ ಅವಳ ಮೇಲೆಯೇ ಹೆಚ್ಚು ಸಿಟ್ಟು ಬರುತ್ತಿತ್ತು.

ಕಾರು ನೋಡಲು ಹೋದಾಗ ಮೂವರು ಹೋದೆವು, ಅಪ್ಪ, ಮಾಮ, ನಾನು. ಹಳೆಯ ಕಾರು ಸಾಕು ಅಂತ ಅಪ್ಪ ಮೊದಲೇ ಹೇಳಿದ್ದ. ಸೊರಬದಲ್ಲಿ ಮಾಮನ ಪರಿಚಯದವರೊಬ್ಬರು ದೊಡ್ಡ ಬಿಳಿ ಗಾಡಿಯೊಂದನ್ನು ಮಾರಲು ಇಟ್ಟಿದ್ದರು. ಬಾನೆಟ್ಟು ನನ್ನ ಎದೆಯ ಎತ್ತರಕ್ಕಿತ್ತು. ಮಾಮ ಹಿಂದಿನ ಬಾಗಿಲು ತೆಗೆದು ಸೀಟಿನ ಅಗಲ ನೋಡಿದ, ಅದರ ಹಿಂದಿನ ಸಣ್ಣ ಸೀಟನ್ನು ಬಿಡಿಸಿ ನೋಡಿದ, ಮುಂದೆ ಮಕ್ಕಳು ಮರಿ ಅಂತ ಆದಾಗ ಇದೇ ಸರಿ ಅಂದ. ಯಾರ ಮಕ್ಕಳು ಅಂತ ಅಪ್ಪ ಕೇಳಲಿಲ್ಲ. ನಾನು ಟೈರನ್ನು ಕಾಲಿನಿಂದ ಒದ್ದೆ. ಗಾಡಿ ನೋಡಲು ಬಂದವರೆಲ್ಲ ಒದೆಯುತ್ತಾರಲ್ಲ, ಹಾಗಾಗಿ ಯಾರಿಗೂ ತಪ್ಪು ಕಾಣಲಿಲ್ಲ.

ನನಗೆ ಹಿಡಿಸಿದ್ದು ಒಬ್ಬ ನಿವೃತ್ತ ಮೇಷ್ಟರ ಮನೆಯ ಮುಂದೆ ನಿಂತಿದ್ದ ಸಣ್ಣ ಕೆಂಪು ಕಾರು. ಸೀಟಿಗೆ ಅವರ ಹೆಂಡತಿ ಹೊಲಿದ ಹೂವಿನ ಕವರು. ಒಳಗೆ ಕೂತರೆ ಕ್ಲಚ್ಚು ಕಾಲಿಗೆ ಸಲೀಸಾಗಿ ಸಿಗುತ್ತಿತ್ತು, ಹಿಂದಿನ ಗಾಜಿನಲ್ಲಿ ಇಡೀ ರಸ್ತೆ ಕಾಣುತ್ತಿತ್ತು. ಉಳವಿಯ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ ನೋಡಿದೆ. ಪಕ್ಕದಲ್ಲಿ ಮಾಮ, ಹ್ಯಾಂಡ್‌ಬ್ರೇಕಿನ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದ. ನಾನು ತಪ್ಪು ಮಾಡುತ್ತಿರಲಿಲ್ಲ, ಆದರೂ ಕೈ ತೆಗೆಯಲಿಲ್ಲ. ಎದುರಿಗೆ ಬಸ್ಸು ಬಂದಾಗ ನಾನು ಬದಿಗೆ ತೆಗೆಯುವ ಮೊದಲೇ ಅವನು ಎಡಕ್ಕೆ, ಎಡಕ್ಕೆ ಅನ್ನುತ್ತಿದ್ದ. ಇಷ್ಟು ಸಣ್ಣ ಕಾರಿನಲ್ಲಿ ಜನ್ಮವಿಡೀ ಹೀಗೇ ಕೂತಿರಬೇಕಾ ಅನ್ನಿಸಿ ಉಸಿರು ಕಟ್ಟಿತು. ಕಿಟಕಿ ಇಳಿಸಿದೆ. ಧೂಳು ಬರ್ತದೆ ಅಂತ ಅವನು ತನ್ನ ಕಡೆಯದನ್ನು ಏರಿಸಿದ.

ಅಪ್ಪ ಕೆಂಪು ಕಾರನ್ನೇ ಒಪ್ಪಿದ. ಮಾಮ ಮುಖ ಸಣ್ಣ ಮಾಡಿದರೂ ಜಗಳ ತೆಗೆಯಲಿಲ್ಲ. ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ಅವನು ಒಂದು ಮಾತು ಹೇಳಿದ. ಭಾವನಿಗೆ ಕಾರಿನ ಲೈಸೆನ್ಸ್ ಇಲ್ಲ, ಇನ್ಶೂರೆನ್ಸಿನವರು ತಕರಾರು ತೆಗೆಯಬಹುದು, ಕಾರು ತನ್ನ ಹೆಸರಿಗೇ ಇರಲಿ ಅಂತ. ಹೆಂಗಿದ್ರೂ ಒಂದೇ ಮನೆ ಅಲ್ವಾ ಅಂದ. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಕಿಟಕಿಯ ಆಚೆ ನೋಡುತ್ತಿದ್ದ. ಆ ಕಣ್ಣಿಗೆ ಆಚೆ ಏನೂ ಸರಿಯಾಗಿ ಕಾಣುವುದಿಲ್ಲ ಅಂತ ನನಗೆ ಗೊತ್ತಿತ್ತು.

ಕಾರು ಅವನ ಹೆಸರಿಗೆ ಹೋದರೆ ಅದರ ಹಿಂದೆ ನಾನೂ ಹೋಗುತ್ತೇನೆ. ಇದು ನನಗೆ ಹಗಲಿನಷ್ಟು ಸ್ಪಷ್ಟವಿತ್ತು. ಆ ರಾತ್ರಿ ಊಟಕ್ಕೆ ಕೂತಾಗ ನನ್ನ ಹೆಸರಿಗೆ ಮಾಡಿಸದಿದ್ದರೆ ನಾನು ಸ್ಟೇರಿಂಗ್ ಮುಟ್ಟುವುದಿಲ್ಲ, ಯಾರನ್ನು ಬೇಕಾದರೂ ಡ್ರೈವರ್ ಇಟ್ಟುಕೊಳ್ಳಿ ಅಂತ ಹೇಳಿದೆ. ಅಪ್ಪ ರೊಟ್ಟಿ ಮುರಿಯುತ್ತಾ, ಆಯಿತು, ನಿನ್ನ ಹೆಸರಿಗೇ ಅಂದ. ಗೆದ್ದೆ ಅಂದುಕೊಂಡೆ. ಅವ್ವ ಸಾರು ಬಡಿಸಲು ಬಂದವಳು ನನ್ನ ತಟ್ಟೆಗೆ ಎರಡು ಸಲ ಬಡಿಸಿ ಹೋದಳು.

ಇನ್ಶೂರೆನ್ಸ್ ಏಜೆಂಟರು ಮನೆಗೆ ಬಂದ ದಿನ ಕುಬಟೂರಿನಿಂದ ಅಜ್ಜಿ, ಸೊರಬದಿಂದ ಮಾಮ ಇಬ್ಬರೂ ಬಂದಿದ್ದರು. ಕಾರು ಆಗಲೇ ಬಾಗಿಲಲ್ಲಿ ನಿಂತಿತ್ತು. ಸಂಜೆಗೆ ಪೂಜೆ ಮಾಡಿಸಿ ನಿಂಬೆಹಣ್ಣಿನ ಮೇಲೆ ಹತ್ತಿಸುವುದು ಅಂತ ಇತ್ತು. ಏಜೆಂಟರು ಅಪ್ಪನ ಪರಿಚಯದವರು, ಪೇಟೆಯ ಅರ್ಧ ಅಂಗಡಿಗಳ ವಿಮೆ ಅವರದೇ. ಖಾರ ಮಂಡಕ್ಕಿ ತಿನ್ನುತ್ತಾ ಮೊಬೈಲಿನಲ್ಲಿ ಒಂದೊಂದೇ ತುಂಬುತ್ತಾ ಹೋದರು. ಗಾಡಿ ನಂಬರು, ನನ್ನ ಹೆಸರು, ನನ್ನ ಲೈಸೆನ್ಸ್. ಕಾರಿನ ಮಾಲೀಕರೇ ಓಡಿಸುವವರಾದರೆ ಅವರ ಜೀವಕ್ಕೂ ಒಂದು ವಿಮೆ ಮಾಡಿಸಬೇಕು, ಕಡ್ಡಾಯ ಅಂದರು. ಆಮೇಲೆ ತಲೆ ಎತ್ತದೆ, ನಾಮಿನಿ ಯಾರು ಅಂತ ಬರೀಲಿ ಅಂತ ಕೇಳಿದರು.

ಹಂಗಂದ್ರೆ ಏನ್ರಿ ಅಂದಳು ಅಜ್ಜಿ. ಏಜೆಂಟರು ಪಾಪ, ದಿನಾ ಹೇಳುವ ಹಾಗೆ ಹೇಳಿಬಿಟ್ಟರು. ಕಾರು ಓಡಿಸುವಾಗ ಇವರಿಗೆ ಹೆಚ್ಚುಕಡಿಮೆ ಆಗಿ ಜೀವ ಹೋದರೆ ಹಣ ಯಾರ ಕೈಗೆ ಬರಬೇಕು, ಅವರ ಹೆಸರು.

ನಮ್ಮ ಮನೆಯಲ್ಲಿ ಅಕ್ಕಿ ಖಾಲಿಯಾಯಿತು ಅನ್ನುವ ಹಾಗಿಲ್ಲ, ತುಂಬಿದೆ ಅನ್ನಬೇಕು. ಹೊರಗೆ ಹೊರಟವರು ಹೋಗುತ್ತೇನೆ ಅನ್ನಬಾರದು, ಬರುತ್ತೇನೆ ಅನ್ನಬೇಕು. ಮೇಲೆ ಅಶ್ವಿನಿ ದೇವತೆಗಳು ಓಡಾಡುತ್ತಿರುತ್ತಾರೆ, ನಾವು ಏನೇ ಅಂದರೂ ಅಸ್ತು ಅಂದುಬಿಡುತ್ತಾರೆ ಅನ್ನುವುದು ಅವ್ವನ ಗಟ್ಟಿ ನಂಬಿಕೆ. ಅಂಥ ಮನೆಯ ಪಡಸಾಲೆಯಲ್ಲಿ, ಬಾಗಿಲಲ್ಲಿ ಹೊಸದಾಗಿ ಕಾರು ನಿಂತಿರುವಾಗ, ಆ ಮಾತು ಬಿತ್ತು. ಅವ್ವ ಚಹಾದ ಲೋಟಗಳನ್ನು ಅಲ್ಲೇ ಕೆಳಗಿಟ್ಟು ಒಳಗೆ ನಡೆದಳು.

ಅಪ್ಪನ ಹೆಸರು ಬರೆಯಲೇ ಅಂತ ಏಜೆಂಟರು ಕೇಳಿದರು. ಅಪ್ಪ ಕೈ ಅಡ್ಡ ಆಡಿಸಿದ. ಮಗಳ ಜೀವದ ರೊಕ್ಕಕ್ಕೆ ಕೈ ಒಡ್ಡುವ ಹಾಗೆ ನನ್ನ ಹೆಸರು ಬರೆಯಬೇಡಿ ಅಂದ. ನಾನು ಅಕ್ಕನಿಗೆ ಫೋನು ಹಚ್ಚಿದೆ. ಅವಳು ಪೂರ್ತಿ ಕೇಳಿಸಿಕೊಳ್ಳದೆ ಬಿಡ್ತು ಅನ್ನು ಮೊದಲು ಅಂತ ಬೈದು ಇಟ್ಟುಬಿಟ್ಟಳು. ಒಳಗಿನಿಂದ ಅವ್ವ, ನನ್ನದಂತೂ ಬೇಡವೇ ಬೇಡ ಅಂದದ್ದು ಕೇಳಿಸಿತು. ಖಾಲಿ ಬಿಡಿ ಅಂದೆ ನಾನು. ಖಾಲಿ ಬಿಟ್ಟರೆ ಮುಂದಕ್ಕೇ ಹೋಗುವುದಿಲ್ಲ ಅಂತ ಏಜೆಂಟರು ಮೊಬೈಲನ್ನೇ ನನ್ನತ್ತ ತಿರುಗಿಸಿ ತೋರಿಸಿದರು.

ಆಗ ಮಾಮ ನಕ್ಕ. "ಇದೆಲ್ಲ ಬರೀ ಫಾರ್ಮಾಲಿಟಿ. ಅದಕ್ಕೆ ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀರಿ? ನಂದು ಹಾಕ್ರಿ."

ಓದಿದವರಿಗೆ ಇದರಲ್ಲಿ ತಪ್ಪೇನು ಅನ್ನಿಸಬಹುದು. ಅವನು ಹೇಳಿದ್ದೇ ಸರಿ, ಅದು ಫಾರ್ಮಾಲಿಟಿಯೇ. ಆದರೆ ನನ್ನ ಸಾವಿನ ಪಕ್ಕದಲ್ಲಿ ಹೆಸರು ಬರೆಸಲು ಆ ಮನೆಯಲ್ಲಿ ಯಾರ ನಾಲಿಗೆಯೂ ಹೊರಳದೆ ಇದ್ದಾಗ, ಇವನೊಬ್ಬನಿಗೆ ಅದು ಇಷ್ಟು ಸಲೀಸಾಯಿತಲ್ಲ ಅನ್ನಿಸಿತು. ಏಜೆಂಟರು ಅವನ ಹೆಸರು ಟೈಪ್ ಮಾಡಿ, ಸಂಬಂಧ ಏನು ಅಂತ ಬರೀಲಿ, ಸೋದರಮಾವ ತಾನೇ ಅಂದರು.

"ಗಂಡ ಆಗೋನು ಅಂತ ಬರ್ಕೊಳ್ರಿ," ಅಂದಳು ಅಜ್ಜಿ. "ಇವತ್ತಲ್ಲ ನಾಳೆ ಅದೇ ಅಲ್ವಾ ಬರ್ಸೋದು."

ಏಜೆಂಟರು ಓ ಹೌದಾ ಅಂತ ಅಪ್ಪನ ಕಡೆ ನೋಡಿ ನಕ್ಕರು, ಸಂತೋಷ ಅಂದರು. ಅಪ್ಪ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಅಷ್ಟೇ ಸಾಕಾಗಿತ್ತು. ಸಂಜೆಯೊಳಗೆ ಆ ಮನುಷ್ಯ ಎಪಿಎಂಸಿಯ ಹತ್ತು ಅಂಗಡಿ ಹತ್ತಿಳಿಯುತ್ತಾರೆ, ಹತ್ತೂ ಕಡೆ ಈ ಸಂತೋಷ ಹಂಚುತ್ತಾರೆ. ಆಮೇಲೆ ನಾನು ಒಲ್ಲೆ ಅಂದರೆ ಅದು ಆದ ಮದುವೆ ಮುರಿದ ಹಾಗೆ. ನನ್ನ ಹೆಸರಿಗೆ ಬೇಕು ಅಂತ ಹಟ ಹಿಡಿದು ಪಡೆದ ಕಾರೇ ನನ್ನನ್ನು ಇವನ ಕೈಗೆ ಕೊಡುತ್ತಿತ್ತು. ಮಾತಾಡಬೇಕು ಅಂತ ಬಾಯಿ ತೆರೆದೆ. ನಾಲ್ಕು ಜನ ನೋಡುತ್ತಿದ್ದರು. ಎಲ್ಲರ ಎದುರು ಜೋರಾಗಿ ಜಗಳಾಡುವ ನಾನು, ಅವತ್ತು ಒಂದೇ ಒಂದು ಬೇಡ ಅನ್ನಲಾಗದೆ ಚಾಪೆಯ ಅಂಚು ಕೀಳುತ್ತಾ ಕೂತೆ.

ಅವ್ವ ಯಾವಾಗ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳೋ ಗೊತ್ತಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು.

"ರೀ, ಅದನ್ನ ಅಳಸ್ರಿ," ಅಂದಳು ಏಜೆಂಟರಿಗೆ. "ನನ್ನ ಹೆಸರು ಬರೀರಿ. ಸಂಬಂಧ ತಾಯಿ ಅಂತ ಬರೀರಿ."

ಅಜ್ಜಿ, ಬಾಯಲ್ಲಿ ಏನಾಡ್ತಿದೀಯ ಗೊತ್ತೇನೇ ನಿಂಗೆ ಅಂದಳು. ಅವ್ವ ತನ್ನ ತಾಯಿಯ ಕಡೆ ತಿರುಗಲೇ ಇಲ್ಲ. ತಮ್ಮನ ಕಡೆ ನೋಡಿದಳು. "ನೀ ಮನಸಿಗೆ ಹಚ್ಕೋಬ್ಯಾಡ ತಮ್ಮ. ಅವಳಿಗೆ ಒಲ್ಲದ್ದು ನನಗೂ ಬ್ಯಾಡ."

ನಾನು ಒಲ್ಲೆ ಅಂತ ಅವ್ವನಿಗೆ ಯಾವತ್ತೂ ಹೇಳಿರಲಿಲ್ಲ.

ಏಜೆಂಟರು ಬೆರಳಿನಿಂದ ಮಾಮನ ಹೆಸರನ್ನು ಒಂದೊಂದೇ ಅಕ್ಷರವಾಗಿ ಅಳಿಸಿ ಅವ್ವನ ಹೆಸರು ಹಾಕಿದರು. ಹುಟ್ಟಿದ ದಿನಾಂಕ ಕೇಳಿದಾಗ ಅವಳಿಗೆ ನೆನಪಾಗದೆ ಒಳಗಿನಿಂದ ಆಧಾರ್ ಕಾರ್ಡು ತಂದುಕೊಟ್ಟಳು. ಕಾರ್ಡು ವಾಪಸು ತೆಗೆದುಕೊಂಡವಳೇ ನೇರ ದೇವರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಮಾಮ ಉಳಿದ ಮಂಡಕ್ಕಿಯನ್ನು ನಿಧಾನಕ್ಕೆ ತಿಂದು ಮುಗಿಸಿದ. ಆಮೇಲೆ, ಅಂಗಡಿಯಲ್ಲಿ ಹುಡುಗರನ್ನು ಬಿಟ್ಟು ಬಂದಿದೀನಿ ಅಂತ ಎದ್ದ. ಅವನ ಮುಖ ಬಿದ್ದುಹೋಗಿತ್ತು, ನನಗೆ ಅವನ ಮೇಲೆ ಮರುಕವೂ ಬಂತು. ಅಜ್ಜಿ ಪೂಜೆಗೂ ನಿಲ್ಲದೆ ಅವನ ಜೊತೆಗೇ ಹೊರಟಳು. ಅವ್ವನಿಗೆ ತವರಿನ ಬಾಗಿಲು ಆಮೇಲೆ ಬಹಳ ಕಾಲ ಮುಚ್ಚಿಯೇ ಇತ್ತು.

ನಾನೀಗ ಬಿಡುಗಡೆಯಾದೆ ಅಂತ ನೀವು ಅಂದುಕೊಳ್ಳುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಮರುದಿನ ಮಧ್ಯಾಹ್ನ ಅಪ್ಪನನ್ನು ಕರೆದುಕೊಂಡು ಸೊರಬದ ಕಡೆ ಹೊರಡಬೇಕು ಅಂತ ಬಾಗಿಲಿಗೆ ಬಂದರೆ, ಅವ್ವ ಚಪ್ಪಲಿ ಮೆಟ್ಟಿಕೊಂಡು ಕಾರಿನ ಪಕ್ಕ ನಿಂತಿದ್ದಳು. ಮನೆಯ ಬೀಗ ಅವಳ ಕೈಯಲ್ಲಿತ್ತು. ಎಲ್ಲಿಗೆ ಅಂತ ಕೇಳಿದೆ. ನೀ ಎಲ್ಲಿಗೋ ಅಲ್ಲಿಗೆ ಅಂದಳು. ಅಪ್ಪ ಹಿಂದೆ ಹತ್ತಿದ. ಅವ್ವ ಮುಂದಿನ ಸೀಟಿನಲ್ಲಿ ಕೂತಳು. ಬೆಲ್ಟು ಹಾಕಿಕೊಳ್ಳಲು ಬರದೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಾನೇ ಬಗ್ಗಿ ಹಾಕಿದೆ.

ಮಸೀದಿ, ಪೆಟ್ರೋಲ್ ಬಂಕು ದಾಟಿ ಊರಿನ ಆಚೆ ರಸ್ತೆ ನೇರವಾಯಿತು. ಎದುರಿಗೆ ಯಾರೂ ಇರಲಿಲ್ಲ. ಎಷ್ಟು ದಿನದಿಂದ ಇದಕ್ಕೇ ಕಾದಿದ್ದೆ ಅಂತ ಗೇರು ಬದಲಿಸಿ ಕಾಲು ಸ್ವಲ್ಪ ಒತ್ತಿದೆ. ಅವ್ವ ರಸ್ತೆಯನ್ನೇ ನೋಡುತ್ತಿದ್ದಳು, ರೆಪ್ಪೆ ಕೂಡ ಬಡಿಯದೆ.

"ನಿಧಾನ ಹೋಗು," ಅಂದಳು. "ನಾ ಹೆಸರು ಬರ್ಸೀನಿ."

ಕಾಲು ತೆಗೆದೆ. ಹಿಂದಿನಿಂದ ಬಂದ ಟ್ರ್ಯಾಕ್ಟರೊಂದು ಹಾರ್ನ್ ಹೊಡೆದು ನಮ್ಮನ್ನು ದಾಟಿ ಹೋಯಿತು.